ಅವಿಲ್ ಹಾಕಿದ ಮೇಲೆ ಮೂತ್ರ ಆಯ್ತಾ ಅಂತ ಕೇಳಿ

ವಾರ್ಡಿನಲ್ಲಿ ಅವಿಲ್‌ಗೆ ಯಾರೂ ಹೆದರುವುದಿಲ್ಲ. ತುರಿಕೆ ಬಂತಾ, ಅವಿಲ್. ಮೈಮೇಲೆ ಗಂಧೆ ಎದ್ದಿತಾ, ಅವಿಲ್. 2 ಎಂಎಲ್‌ನ ಪುಟ್ಟ ಆಂಪೂಲ್, ಅದರಲ್ಲಿ 45.5 ಮಿಲಿಗ್ರಾಂ ಫೆನಿರಮಿನ್. ಅಲರ್ಜಿ ತಗ್ಗಿಸುವ ಈ ಔಷಧ ಅಷ್ಟಕ್ಕೇ ಸುಮ್ನಿರುವುದಿಲ್ಲ. ಬಾಯಿ ಒಣಗಿಸುತ್ತದೆ, ಕಣ್ಣು ಮಂಜಾಗಿಸುತ್ತದೆ, ಎದೆಬಡಿತ ಹೆಚ್ಚಿಸುತ್ತದೆ, ಮೂತ್ರ ಕಟ್ಟಿಸುತ್ತದೆ. ಮೆದುಳಿಗೂ ಹೋಗುವುದರಿಂದ ನಿದ್ದೆ ಬರುತ್ತದೆ. ವಯಸ್ಸಾದವರಿಗೆ ನಿದ್ದೆಯ ಬದಲು ಗಲಿಬಿಲಿಯೂ ಆಗಬಹುದು.

ನಾನು ನೈಟ್ ಡ್ಯೂಟಿಯಲ್ಲಿದ್ದಾಗ ಮೆಡಿಕಲ್ ವಾರ್ಡಿನಲ್ಲಿ ಎಪ್ಪತ್ತು ದಾಟಿದ ಅಜ್ಜ ಒಬ್ಬರಿದ್ದರು. ಆಂಟಿಬಯಾಟಿಕ್‌ನಿಂದ ತುರಿಕೆ ಬಂದು, ಸಂಜೆ ಅವಿಲ್ ಆಗಿತ್ತು. ನಡುರಾತ್ರಿ ಮಂಚದಿಂದ ಇಳಿಯಲು ಹೊರಟರು, ಡ್ರಿಪ್‌ಗೆಂದು ಕೈಗೆ ಚುಚ್ಚಿದ್ದ ಕ್ಯಾನುಲಾ ಕಿತ್ತರು. ಸೊಸೆ ಓಡಿ ಬಂದು, "ಸಿಸ್ಟರ್, ನಮ್ಮ ಮಾವ ಯಾವತ್ತೂ ಹೀಗೆ ಆಡಿದವರಲ್ಲ" ಎಂದರು. ಪಕ್ಕದ ಮಂಚದವರು ಆಗಲೇ ತೀರ್ಪು ಕೊಟ್ಟಿದ್ದರು: ಅರಳುಮರಳು, ನಿದ್ದೆ ಇಂಜೆಕ್ಷನ್ ಕೊಡಿಸಿ.

ಚಾರ್ಟ್ ನೋಡಿದೆ. ಸಂಜೆಯಿಂದ ಡ್ರಿಪ್ ಹೋಗುತ್ತಲೇ ಇದೆ, ಮೂತ್ರದ ಕಾಲಂ ಖಾಲಿ. ಹೊಕ್ಕುಳ ಕೆಳಗೆ ಕೈಯಿಟ್ಟರೆ ಹೊಟ್ಟೆ ಬಿಗಿಯಾಗಿತ್ತು, ಮೆಲ್ಲಗೆ ಒತ್ತಿದ್ದಕ್ಕೇ ಅಜ್ಜ ಮುಖ ಕಿವುಚಿದರು. ಡ್ಯೂಟಿ ಡಾಕ್ಟರ್ ಬಂದು ಮೂತ್ರ ತೆಗೆಯುವ ನಳಿಕೆ, ಕ್ಯಾಥೆಟರ್ ಹಾಕಿಸಿದರು. ಹೆಚ್ಚುಕಡಿಮೆ ಮುಕ್ಕಾಲು ಲೀಟರ್ ಬಂತು. ನಿದ್ದೆ ಇಂಜೆಕ್ಷನ್ ಬೇಕಾಗಲೇ ಇಲ್ಲ. ಆಮೇಲೆ ಸೊಸೆಯ ಕವರಿನಲ್ಲಿ, ಪ್ರಾಸ್ಟೇಟ್ ಗ್ರಂಥಿ ಊದಿ ಮೂತ್ರ ಸಲೀಸಾಗಿ ಹೋಗದವರು ತಗೊಳ್ಳುವ ಮಾತ್ರೆಯ ಸ್ಟ್ರಿಪ್ ಸಿಕ್ಕಿತು. ಮನೆಯಲ್ಲಿ ಏನು ಮಾತ್ರೆ ತಗೋತಾರೆ ಅಂತ ಯಾರೂ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ.

ಅವಿಲ್ ಅಂತ ಆರ್ಡರ್ ಬಂದರೆ ಈಗ ಮೊದಲು ವಯಸ್ಸು ನೋಡುತ್ತೇನೆ. ಮೂತ್ರ ಹೋಗಲು ಕಷ್ಟ ಆಗುತ್ತಾ, ಕಣ್ಣಿನ ಪ್ರೆಶರ್‌ಗೆ ಡ್ರಾಪ್ಸ್ ಹಾಕ್ತೀರಾ, ರಾತ್ರಿ ನಿದ್ದೆ ಮಾತ್ರೆ ಇದೆಯಾ ಅಂತ ಕೇಳುತ್ತೇನೆ. ಒಂದಕ್ಕೆ ಹೌದು ಅಂದರೂ ಡಾಕ್ಟರಿಗೆ ಫೋನ್. ಅಷ್ಟಾಗಿ ನಿದ್ದೆ ತರದ, ಬೇರೆ ಔಷಧ ಬರೆಯುವುದು ಬಿಡುವುದು ಅವರಿಗೆ ಬಿಟ್ಟದ್ದು. ಕೆಲವರು ಗೊಣಗುತ್ತಾರೆ, ಗೊಣಗಲಿ. ಕೊಟ್ಟ ಮೇಲೆ ಮಂಚದ ರೇಲಿಂಗ್ ಏರಿಸಿ, ಬಾತ್‌ರೂಮಿಗೆ ಒಬ್ಬರನ್ನೇ ಕಳಿಸಬೇಡಿ ಅಂತ ಜೊತೆಗಿರುವವರಿಗೆ ಹೇಳುತ್ತೇನೆ. ಡ್ಯೂಟಿ ಬದಲಾಗುವಾಗ ಅವಿಲ್ ಹಾಕಿದ ಹೊತ್ತಿನ ಜೊತೆಗೆ ಮೂತ್ರ ಆಗಿದೆಯೋ ಇಲ್ಲವೋ ಎಂದೂ ಒಪ್ಪಿಸುತ್ತೇನೆ.

ಮಾತ್ರೆ ತಗೊಂಡು ಮನೆಗೆ ಹೋಗುವವರದು ಬೇರೆ ತಲೆನೋವು. ಬೈಕ್ ಓಡಿಸಬೇಡಿ, ಕುಡಿಯಬೇಡಿ ಅಂದರೆ ನಗುತ್ತಾರೆ. ಮೆಡಿಕಲ್ ಶಾಪಿನ ಎಷ್ಟೋ ನೆಗಡಿ ಮಾತ್ರೆಗಳಲ್ಲಿ ಇದೇ ಜಾತಿಯ ಸಿಪಿಎಂ, ಅಂದರೆ ಕ್ಲೋರ್‌ಫೆನಿರಮಿನ್, ಇರುತ್ತದೆ. ಎರಡೂ ಸೇರಿದರೆ ಮಂಪರು ಜಾಸ್ತಿ. ಪುಟ್ಟ ಮಕ್ಕಳಿಗಂತೂ ನೀವಾಗಿಯೇ ಕೊಡಬೇಡಿ. ಇದೇ ಗುಂಪಿನ ಫೆನರ್ಗಾನ್ 2 ವರ್ಷದೊಳಗಿನ ಮಕ್ಕಳಿಗೆ ನಿಷಿದ್ಧ, ಉಸಿರಾಟವೇ ಕುಗ್ಗಬಹುದು.

ಹೊಸದಾಗಿ ಬರುವ ಹುಡುಗಿಯರಿಗೆ ಇನ್ನೊಂದನ್ನು ಹೇಳುತ್ತಲೇ ಇರುತ್ತೇನೆ. ಅಲರ್ಜಿ ಜೋರಾಗಿ ತುಟಿ ಊದಿಕೊಂಡು, ಉಸಿರು ಕಟ್ಟಿ, ಬಿಪಿ ಬೀಳುತ್ತಿದ್ದರೆ ಕೈ ಅವಿಲ್ ಕಡೆ ಹೋಗಬಾರದು. ಕೊಡುತ್ತಿದ್ದ ಔಷಧ ನಿಲ್ಲಿಸಿ, ಡಾಕ್ಟರನ್ನು ಕೂಗಿ, ಅಡ್ರಿನಲಿನ್ ಇಂಜೆಕ್ಷನ್ ಕೈಗೆತ್ತಿಕೊಳ್ಳಿ. ದೊಡ್ಡವರಿಗೆ 0.5 ಮಿಲಿಗ್ರಾಂ, ತೊಡೆಯ ಹೊರಬದಿಯ ಸ್ನಾಯುವಿಗೆ. ಅವಿಲ್ ತುರಿಕೆಗೆ ಸರಿ, ಮುಚ್ಚುತ್ತಿರುವ ಗಂಟಲನ್ನು ಅದು ತೆರೆಯುವುದಿಲ್ಲ. ಎಮರ್ಜೆನ್ಸಿ ಟ್ರೇಯಲ್ಲಿ ಅಡ್ರಿನಲಿನ್ ಮುಂದೆ, ಅವಿಲ್ ಹಿಂದೆ ಇಡಿ.