ಬಾಯಲ್ಲಿ ಏನಿದೆ, ತೋರಿಸು!

ನಮ್ಮ ನಾಯಿಮರಿ ಗುಂಡನಿಗೆ ಈಗ ನಾಲ್ಕು ತಿಂಗಳು. ಬಳ್ಳಾರಿ ಕೋಟೆ ಗುಡ್ಡದ ಕಡೆ ಬೆಳಿಗ್ಗೆ ವಾಕಿಂಗ್ ಹೋದರೆ ನಾನು ನಡೆಯೋದಕ್ಕಿಂತ ಬಗ್ಗಿ ಅವನ ಬಾಯಿಗೆ ಬೆರಳು ಹಾಕೋದೇ ಜಾಸ್ತಿ. ಇವತ್ತು ಬೀದಿದೀಪದ ಕೆಳಗೆ ಬಿದ್ದಿದ್ದ ಕರಿ ಹುಳ, ತುಟಿಯಂಚಲ್ಲಿ ಅದರ ಕಾಲು ಇನ್ನೂ ಆಡುತ್ತಿತ್ತು. ಅದನ್ನು ಬಿಡಿಸುವಷ್ಟರಲ್ಲಿ ಎಗ್‌ರೈಸ್ ಗಾಡಿ ನಿಲ್ಲೋ ಜಾಗದಲ್ಲಿ ಕೋಳಿ ಮೂಳೆ! ಹುಳ ಹೋಗಲಿ, ಒಂದೆರಡಕ್ಕೆ ಸಾಮಾನ್ಯವಾಗಿ ಏನೂ ಆಗಲ್ಲ. ಬೇಯಿಸಿದ ಮೂಳೆ ಸೀಳಿ ಗಂಟಲಿಗೋ ಕರುಳಿಗೋ ಚುಚ್ಚಿದರೆ ಕಷ್ಟ ಅಲ್ವಾ. ಹಾಲುಹಲ್ಲು ಬೀಳೋ ವಯಸ್ಸು ಬೇರೆ, ಸಿಕ್ಕಿದ್ದನ್ನೆಲ್ಲ ಕಡಿಯುತ್ತಾನೆ. ಕಿತ್ತುಕೊಳ್ಳೋಕೆ ಹೋದರೆ ಗಬಕ್ಕನೆ ನುಂಗಿಬಿಡುತ್ತಾನೆ ಅಂತ ಗೊತ್ತಾದ ಮೇಲೆ ಜೇಬಲ್ಲಿ ರೊಟ್ಟಿ ಚೂರು ಇಟ್ಟುಕೊಂಡು ಅದಲುಬದಲು ವ್ಯಾಪಾರ ನಡೆಸಿದ್ದೇನೆ.

ಅವ್ವ ನೋಡಿ ನಕ್ಕಳು, "ಸಣ್ಣಾಂವ ಇದ್ದಾಗ ನೀನೂ ಮಣ್ಣು ತಿಂತಿದ್ದಿ." ಅವಳೂ ಹೀಗೇ ಬೆರಳು ಹಾಕಿ ತೆಗೆಯುತ್ತಿದ್ದಳೇನೋ.