ಮಾಲಕಂಸ ಕೇಳುತ್ತ ಹದಿನೆಂಟು ನಿಮಿಷ ಗಾಢ ನಿದ್ರೆ

ಕುಂದಗೋಳದ ನಾಡಗೇರ ವಾಡೆಯಲ್ಲಿ ಸವಾಯಿ ಗಂಧರ್ವರ ಪುಣ್ಯಸ್ಮರಣೆಗೆ ನಡೆಯುವ ಅಹೋರಾತ್ರಿ ಸಂಗೀತಕ್ಕೆ ಕಳೆದ ಸಲ ಹೋದಾಗ ನನ್ನ ಎಡಗೈಯಲ್ಲಿ ಮಗಳು ಕೊಡಿಸಿದ ಸ್ಮಾರ್ಟ್ ವಾಚು ಇತ್ತು. ರಾತ್ರಿ ಎರಡೂವರೆಯ ಸುಮಾರಿಗೆ ಆರಂಭವಾದ ಮಾಲಕಂಸ ರಾಗವನ್ನು ಕಂಬಕ್ಕೆ ಬೆನ್ನು ಕೊಟ್ಟು, ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು, ಅಲುಗಾಡದೆ ಕೇಳಿದೆ. ವಿಲಂಬಿತದಲ್ಲಿ ಗಾಯಕರು ಮಧ್ಯಮದ ಮೇಲೆ ಎಷ್ಟು ಹೊತ್ತು ನಿಂತರು, ತಬಲಾದವರು ಯಾವ ಆವರ್ತನದಲ್ಲಿ ಲಯ ಏರಿಸಿದರು ಎಂಬುದು ಇಂದಿಗೂ ನೆನಪಿದೆ. ಬೆಳಿಗ್ಗೆ ಧಾರವಾಡಕ್ಕೆ ಮರಳಿ ಆ್ಯಪ್ ತೆರೆದರೆ, 2.41ರಿಂದ 3.50ರ ತನಕ ನಾನು ನಿದ್ರಿಸಿದ್ದೆನೆಂದೂ ಅದರಲ್ಲಿ 18 ನಿಮಿಷ ಗಾಢ ನಿದ್ರೆಯೆಂದೂ ಅಲ್ಲಿ ದಾಖಲಾಗಿತ್ತು. ಅದನ್ನು ನೋಡಿದ ನನ್ನ ಹೆಂಡತಿ, “ಅಷ್ಟ ದೂರ ಹೋಗಿ ನಿದ್ದಿ ಮಾಡಿ ಬಂದ್ರೇನು?” ಎಂದು ಕೇಳಿದಳು. ಇಲ್ಲವೆಂದು ಸಾಧಿಸಲು ನನ್ನ ಬಳಿ ಯಾವ ಪುರಾವೆಯೂ ಇರಲಿಲ್ಲ.

ಭೌತಶಾಸ್ತ್ರ ಕಲಿಸಿ ನಿವೃತ್ತನಾದವನಿಗೆ ಉಪಕರಣವೊಂದು ತಪ್ಪು ತೋರಿಸಿದರೆ ಸಿಟ್ಟಿಗಿಂತ ಕುತೂಹಲವೇ ಹೆಚ್ಚು. ಅದು ನಿಜಕ್ಕೂ ಅಳೆಯುತ್ತಿರುವುದು ಏನನ್ನು, ಅಳೆದೆನೆಂದು ಹೇಳುತ್ತಿರುವುದು ಏನನ್ನು ಎಂಬ ಎರಡು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಕೇಳಬೇಕೆಂದು ಪ್ರಯೋಗಾಲಯದಲ್ಲಿ ಹುಡುಗರಿಗೆ ವರ್ಷಗಟ್ಟಲೆ ಹೇಳಿದವನು ನಾನು. ವಾಚಿನ ವಿಷಯದಲ್ಲಿ ಮೊದಲ ಪ್ರಶ್ನೆಗೆ ಉತ್ತರ ಸರಳ. ಅದರೊಳಗೆ ಕೈಯ ಅಲುಗಾಟವನ್ನು ಗುರುತಿಸುವ ಒಂದು ವೇಗೋತ್ಕರ್ಷ ಮಾಪಕವಿದೆ. ಹಿಂಬದಿಯಲ್ಲಿ ಚರ್ಮಕ್ಕೆ ಹಸಿರು ಬೆಳಕು ಬಿಡುವ ಪುಟ್ಟ ದೀಪಗಳೂ ಮರಳಿ ಬಂದ ಬೆಳಕನ್ನು ಅಳೆಯುವ ಸಂವೇದಕವೂ ಇವೆ. ರಕ್ತ ಹಸಿರು ಬೆಳಕನ್ನು ಚೆನ್ನಾಗಿ ಹೀರುತ್ತದೆ. ಪ್ರತಿ ಬಡಿತಕ್ಕೂ ಮಣಿಕಟ್ಟಿನ ಸಣ್ಣ ರಕ್ತನಾಳಗಳಲ್ಲಿ ರಕ್ತ ತುಸು ಹೆಚ್ಚಿ, ಮರಳಿ ಬರುವ ಬೆಳಕು ಅಷ್ಟೇ ತುಸು ಕುಗ್ಗುತ್ತದೆ. ಈ ಏರಿಳಿತದಿಂದ ನಾಡಿಯೂ, ಒಂದು ಬಡಿತಕ್ಕೂ ಮುಂದಿನ ಬಡಿತಕ್ಕೂ ನಡುವಿನ ಅಂತರದ ಹೆಚ್ಚುಕಡಿಮೆಯೂ ಸಿಗುತ್ತವೆ. ಪಟ್ಟಿ ಸಡಿಲವಾಗಿದ್ದರೆ ಇದೂ ಕೆಡುತ್ತದೆ.

ಆದರೆ ನಿದ್ರೆಯ ಹಂತಗಳೆಂಬ ಮಾತು ಹುಟ್ಟಿದ್ದು ಮಣಿಕಟ್ಟಿನಿಂದಲ್ಲ, ಮಿದುಳಿನಿಂದ. ಹ್ಯಾನ್ಸ್ ಬರ್ಗರ್ ಮನುಷ್ಯನ ಮಿದುಳಿನ ವಿದ್ಯುತ್ ಅಲೆಗಳನ್ನು ಮೊದಲ ಬಾರಿಗೆ 1924ರಲ್ಲಿ ದಾಖಲಿಸಿದ; ಶಿಕಾಗೊ ವಿಶ್ವವಿದ್ಯಾಲಯದ ಅಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್ ಕಣ್ಣುಗುಡ್ಡೆಗಳು ಚುರುಕಾಗಿ ಹರಿದಾಡುವ ರೆಮ್ ನಿದ್ರೆಯನ್ನು 1953ರಲ್ಲಿ ಪ್ರಕಟಪಡಿಸಿದರು; ಹಂತಗಳನ್ನು ಗುರುತಿಸುವ ನಿಯಮಗಳ ಮೊದಲ ಒಪ್ಪಿತ ಕೈಪಿಡಿ 1968ರಲ್ಲಿ ಬಂದಿತು. ಅದನ್ನು ಅಮೆರಿಕದ ನಿದ್ರಾ ವೈದ್ಯಕೀಯ ಅಕಾಡೆಮಿ 2007ರಲ್ಲಿ ಪರಿಷ್ಕರಿಸಿ, ಗಾಢ ನಿದ್ರೆಯ ಎರಡು ಹಂತಗಳನ್ನು ಒಂದಾಗಿಸಿತು. ಇಂದಿಗೂ ರಾತ್ರಿಯನ್ನು 30 ಸೆಕೆಂಡುಗಳ ತುಣುಕುಗಳಾಗಿ ಕತ್ತರಿಸಿ, ಪ್ರತಿ ತುಣುಕಿಗೂ ಎಚ್ಚರ, ಹಗುರ ನಿದ್ರೆಯ ಎನ್1 ಮತ್ತು ಎನ್2, ಎನ್3, ರೆಮ್ ಎಂಬ ಐದರಲ್ಲಿ ಒಂದು ಹೆಸರು ಕೊಡುತ್ತಾರೆ. ಎನ್2ರ ಗುರುತುಗಳಲ್ಲೊಂದು ಸ್ಪಿಂಡಲ್ ಎಂಬ ಅಲೆಗಳ ಗೊಂಚಲು: ಸೆಕೆಂಡಿಗೆ 11ರಿಂದ 16 ಸಲ ಕಂಪಿಸುತ್ತ, ನಡುವೆ ಉಬ್ಬಿ ಎರಡೂ ತುದಿಗೆ ಸಪೂರವಾಗುವ ಆಕಾರ. ಗರಗದ ಖಾದಿ ಕೇಂದ್ರದಲ್ಲಿ ನೂಲು ತುಂಬಿದ ಕದಿರನ್ನು ಕಂಡವರಿಗೆ ಈ ಹೆಸರು ಏಕೆ ಬಂತೆಂದು ವಿವರಿಸಬೇಕಾಗಿಲ್ಲ. ಎನ್3, ಅಂದರೆ ಗಾಢ ನಿದ್ರೆ ಎನ್ನಬೇಕಾದರೆ ಆ ತುಣುಕಿನ ಕನಿಷ್ಠ ಐದನೆಯ ಒಂದು ಭಾಗದಲ್ಲಿ 75 ಮೈಕ್ರೊವೋಲ್ಟಿಗಿಂತ ಎತ್ತರದ ನಿಧಾನ ಅಲೆಗಳಿರಬೇಕು. ರೆಮ್ ಎನ್ನಲು ಮಿದುಳಿನ ಅಲೆಗಳ ಜೊತೆಗೆ ಕಣ್ಣಿನ ಚಲನೆಯೂ ಗದ್ದದ ಸ್ನಾಯುವಿನ ಸಡಿಲಿಕೆಯೂ ಬೇಕು. ಈ ಮೂರರಲ್ಲಿ ಒಂದೂ ಮಣಿಕಟ್ಟನ್ನು ತಲುಪುವುದಿಲ್ಲ.

ಹಾಗಿದ್ದರೆ ವಾಚು ಹೇಳುವುದೆಲ್ಲ ಬರೀ ಸುಳ್ಳೇ ಎಂದರೆ, ಹಾಗೆಯೂ ಅಲ್ಲ. ಗಾಢ ನಿದ್ರೆಯಲ್ಲಿ ನಾಡಿ ಇಳಿದು ಒಂದೇ ಹದಕ್ಕೆ ಬರುತ್ತದೆ, ಉಸಿರು ಸಮನಾಗುತ್ತದೆ. ರೆಮ್‌ನಲ್ಲಿ ಕೈಕಾಲು ನಿಶ್ಚಲವಾಗಿದ್ದರೂ ನಾಡಿ ಮತ್ತು ಉಸಿರು ಏರುಪೇರಾಗುತ್ತವೆ. ಇದರ ಮೇಲೆ ರಾತ್ರಿಗೆ ತನ್ನದೇ ಒಂದು ಕ್ರಮವೂ ಇದೆ: ಸುಮಾರು 90 ನಿಮಿಷಗಳಿಗೊಮ್ಮೆ ಸುತ್ತು ತಿರುಗುತ್ತದೆ, ಗಾಢ ನಿದ್ರೆ ಬಹುತೇಕ ಮೊದಲ ಮೂರನೆಯ ಒಂದು ಭಾಗದಲ್ಲೂ ರೆಮ್ ಬೆಳಗಿನ ಜಾವದ ಕಡೆಗೂ ಸೇರಿಕೊಳ್ಳುತ್ತದೆ. ಪ್ರಯೋಗಾಲಯದಲ್ಲಿ ಮಲಗಿದವರ ಮಿದುಳಿನ ದಾಖಲೆಯನ್ನೂ ಅವರ ಮಣಿಕಟ್ಟಿನ ದಾಖಲೆಯನ್ನೂ ಜೋಡಿಸಿ ತೋರಿಸಿ, ಎರಡನೆಯದರಿಂದ ಮೊದಲನೆಯದನ್ನು ಊಹಿಸಲು ಗಣಕಕ್ಕೆ ಕಲಿಸಲಾಗಿದೆ. ಊಹೆಗೆ ಆಧಾರವಿದೆ, ಆದರೂ ಅದು ಊಹೆ. ಮುಂಜಾನೆ ಆ್ಯಪ್‌ನಲ್ಲಿ “ಗಾಢ ನಿದ್ರೆ: 1 ಗಂಟೆ 14 ನಿಮಿಷ” ಎಂದು ನಿಮಿಷದ ಲೆಕ್ಕದಲ್ಲಿ ಬರೆದು ತೋರಿಸುವುದರಲ್ಲಿ ಮಾತ್ರ ನನಗೆ ತಕರಾರಿದೆ, ಅಡಿಪಟ್ಟಿಯಿಂದ ಅಳೆದು ಮಿಲಿಮೀಟರಿನ ಮೂರನೆಯ ದಶಾಂಶದವರೆಗೆ ಉತ್ತರ ಬರೆದ ವಿದ್ಯಾರ್ಥಿಗೆ ನಾನು ಅಂಕ ಕಳೆಯುತ್ತಿದ್ದೆ.

ಪ್ರಕಟಿತ ಅಂಕಿಗಳನ್ನು ಓದುವಾಗ ಇನ್ನೊಂದು ಎಚ್ಚರಿಕೆ ಬೇಕು. ಗದಗಿನಲ್ಲಿ ಕುಳಿತು ಪ್ರತಿದಿನ ಬೆಳಿಗ್ಗೆ “ಇವತ್ತು ಮಳಿ ಇಲ್ಲ” ಎನ್ನುವವನ ಭವಿಷ್ಯ ವರ್ಷದ ಬಹುಪಾಲು ದಿನ ನಿಜವಾಗುತ್ತದೆ. ಅವನಿಗೆ ಹವಾಮಾನ ಗೊತ್ತಿದೆಯೆಂದು ಇದರಿಂದ ಸಿದ್ಧವಾಗುವುದಿಲ್ಲ. ಮಳೆ ಬಂದ ದಿನ ಅವನು ಏನು ಹೇಳಿದ್ದ ಎಂಬುದನ್ನು ನೋಡಬೇಕು. ಮಲಗಿದವನು ರಾತ್ರಿಯ ಹೆಚ್ಚಿನ ಪಾಲು ನಿದ್ರಿಸಿಯೇ ಇರುತ್ತಾನಾದ್ದರಿಂದ, “ನಿದ್ರೆ, ನಿದ್ರೆ” ಎಂದೇ ಹೇಳುವ ಯಂತ್ರಕ್ಕೂ ಒಳ್ಳೆಯ ಅಂಕ ಸಿಗುತ್ತದೆ. ಕೈಯ ಅಲುಗಾಟವನ್ನಷ್ಟೇ ನೋಡುವ ಪಟ್ಟಿಗಳ ಕುರಿತು 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ನಿದ್ರೆಯ ತುಣುಕುಗಳ ಪೈಕಿ ಶೇ. 96ಕ್ಕೂ ಹೆಚ್ಚು ಸರಿಯಾಗಿ ಗುರುತಾದರೆ, ಎಚ್ಚರದ ತುಣುಕುಗಳಲ್ಲಿ ಸರಿಯಾಗಿ ಗುರುತಾದವು ಶೇ. 33ರಷ್ಟು ಮಾತ್ರ. ಬಳಕೆದಾರರ ಏಳು ಉಪಕರಣಗಳನ್ನು 34 ಮಂದಿ ಆರೋಗ್ಯವಂತ ಯುವಜನರ ಮೇಲೆ ಪರೀಕ್ಷಿಸಿದ 2021ರ ಅಧ್ಯಯನದಲ್ಲಿಯೂ ಚಿತ್ರ ಬಹಳ ಬದಲಾಗಲಿಲ್ಲ: ನಿದ್ರೆಯನ್ನು ಗುರುತಿಸುವುದರಲ್ಲಿ ಎಲ್ಲವೂ ಶೇ. 93 ಅಥವಾ ಅದಕ್ಕಿಂತ ಮೇಲೆ, ಎಚ್ಚರವನ್ನು ಗುರುತಿಸುವುದರಲ್ಲಿ ಶೇ. 18ರಿಂದ 54ರ ನಡುವೆ. ನಾಡಗೇರ ವಾಡೆಯ ಕಂಬಕ್ಕೆ ಒರಗಿದ ನಾನು ಆ ಗುರುತಿಸಲಾಗದ ಪಾಲಿನವನು.

ಹಂತಗಳ ಮಾತಿಗೆ ಬಂದರೆ, ಬಾಸ್ಟನ್ನಿನಲ್ಲಿ 35 ಜನರ ಮೇಲೆ ನಡೆದು 2024ರಲ್ಲಿ ಪ್ರಕಟವಾದ ಹೋಲಿಕೆಯೊಂದು ಉಪಯುಕ್ತ. ಅದರಲ್ಲಿ ಆ್ಯಪಲ್ ವಾಚು ಗಾಢ ನಿದ್ರೆಯನ್ನು ಸರಾಸರಿ 43 ನಿಮಿಷ ಕಡಿಮೆ ತೋರಿಸಿತು, ಫಿಟ್‌ಬಿಟ್ 15 ನಿಮಿಷ ಕಡಿಮೆ ತೋರಿಸಿತು. ಬೆರಳಿಗೆ ತೊಡುವ ಔರಾ ಎಂಬ ಸ್ಮಾರ್ಟ್ ಉಂಗುರದ ಅಂದಾಜುಗಳು ಪ್ರಯೋಗಾಲಯದ ಅಂಕಿಗಳಿಗೆ ಹತ್ತಿರವಿದ್ದವು. ಅಧ್ಯಯನಕ್ಕೆ ಹಣ ಕೊಟ್ಟದ್ದು ಉಂಗುರದ ಕಂಪನಿಯೇ ಎಂಬುದನ್ನೂ ಜೊತೆಗೇ ಓದಿಕೊಳ್ಳಬೇಕು. ಇವೆಲ್ಲವೂ ಸರಾಸರಿಗಳು, ಅದರಲ್ಲೂ ಆರೋಗ್ಯವಂತರ ಸರಾಸರಿಗಳು.

ನಾನು ಆರೋಗ್ಯವಂತರ ಪಟ್ಟಿಯಲ್ಲಿಲ್ಲ ಎಂಬುದು ನನ್ನ ಗೊರಕೆಯಿಂದ ಮನೆಯವರಿಗೆ ಮೊದಲೇ ಗೊತ್ತಿತ್ತು. ವೈದ್ಯರ ಸಲಹೆಯಂತೆ ಹುಬ್ಬಳ್ಳಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಸ್ಲೀಪ್ ಸ್ಟಡಿಗೆ ಒಂದು ರಾತ್ರಿ ಮಲಗಬೇಕಾಯಿತು. ತಲೆಯ ಮೇಲೆ, ಕಣ್ಣಿನ ಪಕ್ಕ, ಗದ್ದಕ್ಕೆ, ಎದೆಗೆ, ಕಾಲಿಗೆ ಅಂಟಿನಿಂದ ತಂತಿಗಳನ್ನು ಕೂರಿಸಿ, ಎದೆಗೂ ಹೊಟ್ಟೆಗೂ ಪಟ್ಟಿ ಬಿಗಿದು, ಮೂಗಿನ ಬುಡದಲ್ಲಿ ಕೊಳವೆ ಇಟ್ಟು, ಬೆರಳಿಗೆ ಆಮ್ಲಜನಕದ ಕ್ಲಿಪ್ ಹಾಕಿದ ತಂತ್ರಜ್ಞ ಹುಡುಗನಿಗೆ, ವಾಚು ಕೈಯಲ್ಲೇ ಇರಬಹುದೇ ಎಂದು ಕೇಳಿದೆ. “ಇರ್ಲಿ ಬಿಡ್ರಿ ಸರ್, ಮೊಬೈಲ್ ಅಷ್ಟ ಸ್ವಲ್ಪ ದೂರ ಇಡ್ರಿ,” ಎಂದ. ಹೀಗೆ ನನಗೆ ಯಾವ ಖರ್ಚೂ ಇಲ್ಲದೆ ಒಂದು ಪ್ರಯೋಗ ಸಿಕ್ಕಿತು.

ದೀಪ ಆರಿಸಿದ್ದು 10.40ಕ್ಕೆ, ಎಬ್ಬಿಸಿದ್ದು 5.40ಕ್ಕೆ, ಒಟ್ಟು 420 ನಿಮಿಷ, ಅಂದರೆ 840 ತುಣುಕುಗಳು. ಆಸ್ಪತ್ರೆಯ ವರದಿಯ ಪ್ರಕಾರ ನಾನು ನಿದ್ರಿಸಿದ್ದು 308 ನಿಮಿಷ. ವಾಚಿನ ಪ್ರಕಾರ 382. ಗಾಢ ನಿದ್ರೆ ವರದಿಯಲ್ಲಿ 31 ನಿಮಿಷ, ವಾಚಿನಲ್ಲಿ 74. ರೆಮ್ ವರದಿಯಲ್ಲಿ 49, ವಾಚಿನಲ್ಲಿ 81. ಉಳಿದದ್ದು ಹಗುರ ನಿದ್ರೆ: ವರದಿಯಲ್ಲಿ 228, ವಾಚಿನಲ್ಲಿ 227. ಒಂದೇ ನಿಮಿಷದ ವ್ಯತ್ಯಾಸ ಕಂಡು ಕ್ಷಣಕಾಲ ನಾನೂ ಬೆರಗಾದೆ. ಆಮೇಲೆ ಎರಡೂ ನಕ್ಷೆಗಳನ್ನು ಒಂದೇ ಅಳತೆಗೆ ಮುದ್ರಿಸಿಕೊಂಡು, ಒಂದರ ಮೇಲೊಂದು ಇಟ್ಟು ಕಿಟಕಿಯ ಗಾಜಿಗೆ ಹಿಡಿದು ನೋಡಿದೆ. ವಾಚು ಹಗುರ ನಿದ್ರೆ ಎಂದು ಗುರುತಿಸಿದ್ದ ಹಲವೆಡೆ ವರದಿಯಲ್ಲಿ ಎಚ್ಚರವಿತ್ತು. ವರದಿಯಲ್ಲಿ ಹಗುರ ನಿದ್ರೆಯಿದ್ದ ಕಡೆ ವಾಚು ಗಾಢವನ್ನೋ ರೆಮ್ ಅನ್ನೋ ಬರೆದಿತ್ತು. ಅಲ್ಲಿ ಸೇರಿಸಿದ್ದು, ಇಲ್ಲಿ ಕಳೆದದ್ದು ಸರಿದೂಗಿ ಮೊತ್ತ ಮಾತ್ರ ತಾಳೆಯಾಗಿತ್ತು. ಅಂಗಡಿಯ ಲೆಕ್ಕದ ಪುಸ್ತಕದಲ್ಲಿ ಜಮೆ ಖರ್ಚು ಸರಿಹೋಗಿ, ಬರೆದ ಕಲಮುಗಳೆಲ್ಲ ಬೇರೆಯವರ ಹೆಸರಿನಲ್ಲಿದ್ದಂತೆ.

ಆ ರಾತ್ರಿ ನನ್ನ ಉಸಿರು ಗಂಟೆಗೆ ಸರಾಸರಿ 24 ಸಲ ನಿಂತಿತ್ತು ಅಥವಾ ಕುಗ್ಗಿತ್ತು; 15ರಿಂದ 30ರವರೆಗಿನದನ್ನು ಮಧ್ಯಮ ಪ್ರಮಾಣದ ಸ್ಲೀಪ್ ಆ್ಯಪ್ನಿಯಾ ಎನ್ನುತ್ತಾರೆ. ಉಸಿರು ಸಿಕ್ಕಿಕೊಂಡಾಗಲೆಲ್ಲ ಮಿದುಳು ಕೆಲವೇ ಸೆಕೆಂಡು ಎಚ್ಚೆತ್ತು ಮತ್ತೆ ಮಲಗುತ್ತದೆ. ಮೂರು ಸೆಕೆಂಡಿನ ಈ ಎಚ್ಚರಗಳನ್ನು ತಲೆಯ ಮೇಲಿನ ತಂತಿ ಹಿಡಿಯುತ್ತದೆ. ಕೈ ಅಲುಗದಿದ್ದರೆ ವಾಚಿಗೆ ಅವು ಕಾಣುವುದಿಲ್ಲ. ಉಸಿರು ನಿಂತಾಗ ಇಳಿದು ಮರಳಿದಾಗ ಏರುವ ನಾಡಿಯನ್ನು ನನ್ನ ವಾಚು ರೆಮ್ ಎಂದು ಓದಿಕೊಂಡಿರಬೇಕೆಂಬುದು ನನ್ನ ತರ್ಕ. ಉಸಿರಾಟದ ಅಡಚಣೆಯ ಸುಳಿವು ಕೊಡುವ ಸೌಲಭ್ಯವಿರುವ ಕೆಲವು ವಾಚುಗಳಿಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2024ರಲ್ಲಿ ಅನುಮತಿ ನೀಡಿದೆಯಾದರೂ, ಅವುಗಳ ಕೆಲಸ ವೈದ್ಯರ ಬಳಿ ಹೋಗಿರೆಂದು ಹೇಳುವುದಷ್ಟೇ. ನನ್ನ ವಾಚಿನಲ್ಲಿ ಅದೂ ಇಲ್ಲ.

ಇಲ್ಲಿ ವಾಚಿನ ಪರವಾಗಿ ಒಂದು ಮಾತು ಹೇಳದಿದ್ದರೆ ಅನ್ಯಾಯವಾದೀತು. ಅಳತೆಗೋಲೆಂದು ನಾವು ನಂಬುವ ಪ್ರಯೋಗಾಲಯದ ವರದಿಯನ್ನೂ ಮನುಷ್ಯರೇ ಕಣ್ಣಿಂದ ನೋಡಿ ಬರೆಯುತ್ತಾರೆ. ಸಾವಿರಾರು ತಜ್ಞರಿಗೆ ಒಂದೇ ದಾಖಲೆಗಳನ್ನು ಕೊಟ್ಟು ನೋಡಿದ 2013ರ ವಿಶ್ಲೇಷಣೆಯಲ್ಲಿ ಅವರ ಒಮ್ಮತ ಸರಾಸರಿ ಶೇ. 82.6ರಷ್ಟಿತ್ತು, ಎನ್1 ಹಂತದಲ್ಲಿ ಶೇ. 63, ಗಾಢ ನಿದ್ರೆಯಲ್ಲಿ ಶೇ. 67ರ ಆಸುಪಾಸು. ಗಾಢ ನಿದ್ರೆಯೆಂಬುದಕ್ಕೆ ತಜ್ಞರ ನಡುವೆಯೇ ಅಷ್ಟು ಭಿನ್ನಾಭಿಪ್ರಾಯವಿರುವಾಗ ಮಣಿಕಟ್ಟಿನ ಮೇಲಿನ ಊಹೆ ಅದನ್ನು ಮೀರಿ ನಿಖರವಾಗಬೇಕೆಂದು ಕೇಳುವಂತಿಲ್ಲ. ಆದ್ದರಿಂದ ನನ್ನ 31 ನಿಮಿಷವನ್ನೂ ನಾನು ಶಾಸನದಂತೆ ಓದುವುದಿಲ್ಲ. ಆದರೆ ತಜ್ಞರ ಜಗಳ ಬಹುತೇಕ ಗಡಿರೇಖೆಯ ತುಣುಕುಗಳ ಬಗ್ಗೆ. ಎಚ್ಚರವಿದ್ದು ಸಂಗೀತ ಕೇಳುತ್ತಿರುವವನನ್ನು ಅವರಲ್ಲಿ ಯಾರೂ ಗಾಢ ನಿದ್ರೆಯಲ್ಲಿಡಲಾರರು.

ವಾಚು ಅತಿ ಹೆಚ್ಚು ತಪ್ಪುವುದು ಯಾರ ವಿಷಯದಲ್ಲಿ ಎಂಬುದೇ ನನ್ನನ್ನು ಕಾಡುವ ಸಂಗತಿ. ತಲೆ ಇಟ್ಟೊಡನೆ ನಿದ್ರೆ ಹೋಗುವವರಿಗೆ ಅದು ಸರಿಯಾದ ಲೆಕ್ಕವನ್ನೇ ಕೊಡುತ್ತದೆ, ಆದರೆ ಅವರಿಗೆ ಅದರ ಅಗತ್ಯವಿಲ್ಲ. ನಿದ್ರೆ ಬಾರದೆ, ಪಕ್ಕದವರಿಗೆ ತೊಂದರೆಯಾಗದಿರಲೆಂದು ಮಿಸುಕಾಡದೆ, ಮಾಳಮಡ್ಡಿಯ ಹಳಿಯ ಮೇಲೆ ಗೂಡ್ಸ್ ಗಾಡಿ ಹೋದದ್ದನ್ನೂ ನಂತರ ಬೆಳಗಿನ ಹಾಲಿನ ಗಾಡಿ ಬಂದದ್ದನ್ನೂ ಕೇಳುತ್ತ ಮಲಗಿರುವವರಿಗೆ ಅದು “ಏಳು ಗಂಟೆ ನಿದ್ರೆ, ಉತ್ತಮ” ಎನ್ನುತ್ತದೆ. ಮಧುಮೇಹ, ರಕ್ತದೊತ್ತಡಗಳ ಜೊತೆಗೆ ನಾಡಿ ತಗ್ಗಿಸುವ ಬೀಟಾ ಬ್ಲಾಕರ್ ಗುಳಿಗೆ ನುಂಗುವವರ, ಹೃದಯದ ಬಡಿತವೇ ಕ್ರಮ ತಪ್ಪಿರುವವರ ನಾಡಿಯಿಂದ ನಿದ್ರೆಯನ್ನು ಊಹಿಸುವುದು ಇನ್ನೂ ಕಷ್ಟ. ನನ್ನ ಓರಗೆಯ ನಿವೃತ್ತರಲ್ಲಿ ಇಂಥ ಗುಳಿಗೆ ನುಂಗದವರು ವಿರಳ.

ತಪ್ಪು ಅಂಕಿ ನಿರುಪದ್ರವಿಯೂ ಅಲ್ಲ. ವಾಚಿನ ಅಂಕ ಹೆಚ್ಚಿಸಬೇಕೆಂಬ ಹಟದಲ್ಲೇ ನಿದ್ರೆ ಕೆಡಿಸಿಕೊಂಡು ಬಂದ ರೋಗಿಗಳನ್ನು ಕಂಡ ಅಮೆರಿಕದ ವೈದ್ಯರು 2017ರಲ್ಲಿ ಇದಕ್ಕೆ ಆರ್ಥೊಸೋಮ್ನಿಯಾ ಎಂಬ ಹೆಸರನ್ನೇ ಇಟ್ಟರು. ಅದಕ್ಕೂ ಮೊದಲು, 2014ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ನಿಮಗೆ ನಿನ್ನೆ ರೆಮ್ ನಿದ್ರೆ ಕಡಿಮೆಯಾಗಿದೆ ಎಂದು ಕಟ್ಟುಕತೆಯ ಅಂಕಿ ಕೇಳಿಸಿಕೊಂಡ ವಿದ್ಯಾರ್ಥಿಗಳು ಬುದ್ಧಿಶಕ್ತಿಯ ಪರೀಕ್ಷೆಗಳಲ್ಲಿ ಹಿಂದೆ ಬಿದ್ದರು. ನನ್ನದೂ ಇದೇ ಕತೆ. ಒಂದು ವಾರ ಗಾಢ ನಿದ್ರೆ 20 ನಿಮಿಷಕ್ಕಿಳಿದಿದೆಯೆಂದು ರಾತ್ರಿಯ ಚಹಾ ಬಿಟ್ಟು, ಎಂಟಕ್ಕೇ ಊಟ ಮುಗಿಸಿ, ಮುಖ ಗಂಟಿಕ್ಕಿಕೊಂಡು ತಿರುಗಿದೆ. ಮುಂದಿನ ವಾರ ಆ್ಯಪ್ ಅಪ್‌ಡೇಟ್ ಆದ ಮರುದಿನದಿಂದ ಅದು ಒಂದು ಗಂಟೆ ದಾಟಿತು. ನನ್ನ ಮಿದುಳಿನಲ್ಲಿ ಏನೂ ಬದಲಾಗಿರಲಿಲ್ಲ. ಬದಲಾದದ್ದು ಕಂಪನಿಯ ಸೂತ್ರ.

ಈಗ ನಾನು ಎರಡನ್ನು ಮಾತ್ರ ನೋಡುತ್ತೇನೆ. ಮಲಗಿದ ಮತ್ತು ಎದ್ದ ಸಮಯಗಳು ವಾರದಿಂದ ವಾರಕ್ಕೆ ಎಷ್ಟು ಕ್ರಮದಲ್ಲಿವೆ ಎಂಬುದು ಒಂದು. ರಾತ್ರಿಯ ವಿಶ್ರಾಂತ ನಾಡಿಯ ತಿಂಗಳ ಓಟ ಇನ್ನೊಂದು. ಇವುಗಳನ್ನು ವಾಚು ಬಹುಮಟ್ಟಿಗೆ ನೇರವಾಗಿಯೇ ಅಳೆಯುತ್ತದೆ. ಹಂತಗಳ ಬಣ್ಣದ ಪಟ್ಟಿಯನ್ನು ಮುಖಪುಟದಿಂದ ತೆಗೆದುಹಾಕಿದ್ದೇನೆ, ಆದರೂ ಕೆಲವು ಬೆಳಿಗ್ಗೆ ಹುಡುಕಿಕೊಂಡು ಹೋಗಿ ನೋಡುವ ಚಟ ಇನ್ನೂ ಬಿಟ್ಟಿಲ್ಲ.

ಉಸಿರಿಗೆ ಗಾಳಿಯ ಒತ್ತಡ ಕೊಡುವ ಯಂತ್ರ ಮನೆಗೆ ಬಂದು ಎರಡು ತಿಂಗಳಾಯಿತು. ಮಧ್ಯಾಹ್ನ ಪತ್ರಿಕೆ ಓದುತ್ತ ತೂಕಡಿಸುವುದು ನಿಂತಿದೆ, ಬೆಳಗಿನ ತಲೆನೋವು ಹೋಗಿದೆ, ಹೆಂಡತಿ ಪಕ್ಕದ ಕೋಣೆಯಿಂದ ಮರಳಿದ್ದಾಳೆ. ವಾಚಿನಲ್ಲಿ ಗಾಢ ನಿದ್ರೆ 74ರಿಂದ 52ಕ್ಕೆ ಇಳಿದಿದ್ದು, “ನಿಮ್ಮ ನಿದ್ರೆಯ ಗುಣಮಟ್ಟ ಕುಸಿಯುತ್ತಿದೆ” ಎಂಬ ಸೂಚನೆ ಎರಡು ಸಲ ಬಂದಿದೆ. ಮುಂದಿನ ತಿಂಗಳು ಇನ್ನೊಂದು ರಾತ್ರಿ ಹುಬ್ಬಳ್ಳಿಯಲ್ಲಿ ಮಲಗಬೇಕೆಂದು ವೈದ್ಯರು ಹೇಳಿದ್ದಾರೆ. ವಾಚು ಕಟ್ಟಿಕೊಂಡೇ ಹೋಗುತ್ತೇನೆ.