ಕಳ್ಳ ಮಾಯವಾಗುವ ಆ ಜಾಗ

ಅಕ್ಕನ ಮನೆ ಫ್ರೀಮಾಂಟ್‌ನಲ್ಲಿ. ಬಾರ್ಟ್ ರೈಲಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋಗೆ ಬಂದು, ಅಲ್ಲಿಂದ ಹಳೇ ಕಾಲದ ಟ್ರಾಮ್ ಹತ್ತಿದೆವು, ನಾನು ಮತ್ತು ಅಕ್ಕನ ಮಗ. ಕೂತ ಕೂಡಲೇ ಅವನಿಗೆ ಮೊಬೈಲಿನಲ್ಲಿ ಅರ್ಧ ನಿಮಿಷದ ಸಿನಿಮಾ ತೋರಿಸಿದೆ. 'ಷರ್ಲಾಕ್ ಹೋಮ್ಸ್ ಬ್ಯಾಫಲ್ಡ್', 1900ರಲ್ಲಿ ನ್ಯೂಯಾರ್ಕಿನಲ್ಲಿ ತೆಗೆದದ್ದು. ಮನೆಗೆ ಕಳ್ಳ ನುಗ್ಗಿದ್ದಾನೆ. ಹೋಮ್ಸ್ ಹಿಡಿಯಲು ಹೋದರೆ ಮಾಯ! ಕೊನೆಗೆ ಕದ್ದ ಗಂಟೂ ಹೋಮ್ಸ್ ಕೈಯಿಂದ ಮಾಯವಾಗಿ ಕಳ್ಳನ ಕೈ ಸೇರುತ್ತದೆ.

"ಮಾಮಾ, ಎಲ್ಲಿಗ್ ಹೋದ ಅವನು?"

ಕ್ಯಾಮೆರಾ ನಿಲ್ಲಿಸಿ, ನಟನನ್ನು ಪಕ್ಕಕ್ಕೆ ಕಳಿಸಿ, ಮತ್ತೆ ಶುರು ಮಾಡ್ತಿದ್ರು ಎಂದೆ. ಅವನಿಗೆ ಸಮಾಧಾನ ಆಗಲಿಲ್ಲ.

ಈ ಸಿನಿಮಾನೇ ಎಷ್ಟೋ ವರ್ಷ ಮಾಯವಾಗಿತ್ತು. ಆಗ ಅಮೆರಿಕದ ಹಕ್ಕುಸ್ವಾಮ್ಯ ಕಾನೂನಿನಲ್ಲಿ ಸಿನಿಮಾಕ್ಕೆ ಜಾಗ ಇರಲಿಲ್ಲ, ಫೋಟೋಗೆ ಇತ್ತು. ಹಾಗಾಗಿ ಸಿನಿಮಾದ ಒಂದೊಂದು ಚಿತ್ರವನ್ನೂ ಉದ್ದನೆಯ ಕಾಗದದ ಸುರುಳಿಗೆ ಅಚ್ಚು ಹಾಕಿ ಅಮೆರಿಕದ ದೊಡ್ಡ ಸರ್ಕಾರಿ ಗ್ರಂಥಾಲಯವಾದ ಲೈಬ್ರರಿ ಆಫ್ ಕಾಂಗ್ರೆಸ್‌ಗೆ ಕೊಡುತ್ತಿದ್ದರು. ಆ ಕಾಲದ ಎಷ್ಟೋ ರೀಲುಗಳು ಕೊಳೆತವು, ಸುಟ್ಟುಹೋದವು. ಕಾಗದ ಉಳಿಯಿತು! ಅದರಿಂದಲೇ 1968ರಲ್ಲಿ ಈ ಹೋಮ್ಸ್ ಮತ್ತೆ ಸಿಕ್ಕಿದ್ದು. ನಟರ ಹೆಸರು ಇವತ್ತಿಗೂ ಗೊತ್ತಿಲ್ಲ. ಹಳೇ ಸಿನಿಮಾ ಕೂಡಿಡುವವರಿಗೆ ಇದಕ್ಕಿಂತ ಒಳ್ಳೆ ಪತ್ತೇದಾರಿ ಕೆಲಸ ಬೇಕಾ?

ಫಿಶರ್‌ಮನ್ಸ್ ವಾರ್ಫ್‌ನಲ್ಲಿ ಇಳಿದು, ನಾಣ್ಯ ಹಾಕಿ ಆಡಿಸುವ ಹಳೇ ಯಂತ್ರಗಳ ಮ್ಯೂಸಿಯಂ ಮ್ಯೂಸೀ ಮೆಕಾನಿಕ್‌ಗೆ ಹೋದೆವು. ಒಳಗೆ ಹೋಗಲು ದುಡ್ಡಿಲ್ಲ, ಯಂತ್ರಗಳಿಗೆ ಚಿಲ್ಲರೆ ಬೇಕು. 11ನೇ ವಯಸ್ಸಿನಿಂದ ಯಂತ್ರ ಕೂಡಿಡಲು ಶುರು ಮಾಡಿದ ಎಡ್ವರ್ಡ್ ಜೆಲಿನ್ಸ್ಕಿ ಅವರ ಸಂಗ್ರಹ ಇದು. ನಾನು ಬಂದದ್ದು ಮ್ಯೂಟೊಸ್ಕೋಪ್‌ಗಾಗಿ, ಅಂದರೆ ಹಿಡಿ ತಿರುಗಿಸಿ ಒಬ್ಬೊಬ್ಬರೇ ಸಿನಿಮಾ ನೋಡುವ ಪೆಟ್ಟಿಗೆಗಾಗಿ. ಹೋಮ್ಸ್ ಸಿನಿಮಾ ಮಾಡಿದ್ದು ಇಂಥ ಪೆಟ್ಟಿಗೆಗೇ.

ನಾಣ್ಯ ಹಾಕಿ, ಕಿಂಡಿಗೆ ಕಣ್ಣಿಟ್ಟು, ಹಿಡಿ ತಿರುಗಿಸಿದೆ. ನಮಗೆ ಸಿಕ್ಕಿದ್ದು ಬೇರೆ ಚಿತ್ರ, ಆದರೂ ಮೈ ಜುಮ್ಮೆಂದಿತು. ಚಕ್ರದ ಸುತ್ತ ನೂರಾರು ಫೋಟೋ ಕಾರ್ಡುಗಳು. ಶಾಲೆಯಲ್ಲಿ ನೋಟ್‌ಬುಕ್ಕಿನ ಮೂಲೆಯಲ್ಲಿ ಬೊಂಬೆ ಬರೆದು ಹಾಳೆ ಸರ್ರನೆ ಬಿಡುತ್ತಿದ್ದೆವಲ್ಲ, ಹಾಗೇ. ಕೈ ನಿಧಾನವಾದರೆ ಮನುಷ್ಯರೂ ನಿಧಾನ. ಕೈ ನಿಂತರೆ ಒಂದೇ ಕಾರ್ಡು, ಅಂಚು ಸವೆದು ಮಾಸಿದ್ದು. ಹೋಮ್ಸ್ ಸಿನಿಮಾ ಇಲ್ಲಿದ್ದಿದ್ದರೆ ಕಳ್ಳ ಇರುವ ಕಾರ್ಡು, ಇಲ್ಲದ ಕಾರ್ಡು ಎರಡನ್ನೂ ಹೀಗೇ ತಡೆದು ನೋಡಬಹುದಿತ್ತು.

ಹುಡುಗ ಮೂರು ಸಲ ನಾಣ್ಯ ಕೇಳಿದ.

ವಾಪಸ್ ಬರುವಾಗ ಟ್ರಾಮಿನಲ್ಲಿ ಸುಮ್ನೆ ನನ್ನ ಮೊಬೈಲ್ ಹಿಡಿದು, ಹೋಮ್ಸ್ ಸಿನಿಮಾವನ್ನು ನಿಲ್ಲಿಸಿ ನಿಲ್ಲಿಸಿ ನೋಡುತ್ತಿದ್ದ. ಇಳಿಯುವ ಹೊತ್ತಿಗೆ ಕೂಗಿದ, "ಸಿಕ್ತು ಮಾಮಾ! ಇಲ್ಲಿದ್ದಾನೆ ನೋಡು... ಇಲ್ಲಿಲ್ಲ!"